ಈ ಹಾಡು ಮೊದಲು ಯಾರದ್ದು? ಕವರ್ ಹಾಡುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ ಪೇಟೆಯಲ್ಲಿ ನನಗೊಂದು ಕ್ಯಾಸೆಟ್ ಅಂಗಡಿ ಇತ್ತು. ಹೊಸ ಕ್ಯಾಸೆಟ್ ಮಾರಿದ್ದಕ್ಕಿಂತ, ಜನ ಚೀಟಿಯಲ್ಲಿ ಬರೆದು ತಂದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟದ್ದೇ ಹೆಚ್ಚು. (ಅದು ಕಾನೂನಿಗೆ ಸರಿಯಾದ ಕೆಲಸವಲ್ಲ, ಒಪ್ಪಿದೆ. ಆಗ ಎಲ್ಲ ಅಂಗಡಿಯವರೂ ಮಾಡುತ್ತಿದ್ದರು.) ಒಂದೇ ಚೀಟಿಯಲ್ಲಿ ಪಿ.ಬಿ. ಶ್ರೀನಿವಾಸರದ್ದು ಎರಡು, ಯೇಸುದಾಸರದ್ದು ಐದು, ರಫಿಯದ್ದು ಮೂರು, ಅಡಿಯಲ್ಲಿ ಒಂದು ಮಾಪ್ಪಿಳಪ್ಪಾಟ್ಟು, ಅಂದರೆ ಮಲಬಾರಿನ ಮುಸ್ಲಿಮರ ಹಾಡು. ಕಾಸರಗೋಡಿನ ಕಿವಿ ಇರುವುದೇ ಹಾಗೆ. ಈಗ ಅಂಗಡಿ ಇಲ್ಲ. ಆದರೆ ಗಾನಮೇಳಕ್ಕೆ ಹಾಡುವ ಹುಡುಗರು, ಭಜನಾ ಮಂದಿರದವರು, ಮೊಬೈಲಿನಲ್ಲಿ ಹಾಡಿ ಹಾಕುವ ಮಕ್ಕಳು ಈಗಲೂ ಮನೆಗೆ ಬಂದು ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿಸಲ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ.

ಕವರ್ ಅಂದರೆ ಸರಿಯಾಗಿ ಎಂತದು? ರೀಮಿಕ್ಸ್, ರೀಮೇಕ್ ಎಲ್ಲ ಅದೇನಾ?

ಅಲ್ಲ. ಒಬ್ಬರು ಹಾಡಿ, ಧ್ವನಿಮುದ್ರಿಸಿ ಹೊರಗೆ ತಂದ ಹಾಡನ್ನು ಇನ್ನೊಬ್ಬರು ತಮ್ಮ ದನಿ, ತಮ್ಮ ವಾದ್ಯ ಇಟ್ಟುಕೊಂಡು ಮತ್ತೆ ಮುದ್ರಿಸಿದರೆ ಅದು ಕವರ್. ಮಾತು ಅದೇ, ಟ್ಯೂನ್ ಅದೇ. ಹಳೆಯ ಮುದ್ರಣವನ್ನೇ ಕತ್ತರಿಸಿ, ಅಂಟಿಸಿ, ಮೇಲಿನಿಂದ ತಾಳ ಹೊಡೆದರೆ ರೀಮಿಕ್ಸ್. ಟ್ಯೂನ್ ಉಳಿಸಿಕೊಂಡು ಬೇರೆ ಭಾಷೆಯ ಮಾತು ಹಾಕಿದರೆ ಅದು ಮೂರನೆಯ ಜಾತಿ. ನಮ್ಮ ಗಡಿಯಲ್ಲಿ ಜಗಳ ಆಗುವುದೆಲ್ಲ ಈ ಮೂರನೆಯದರ ಮೇಲೆ.

ಒಂದು ಹಾಡಿಗೆ ಒಬ್ಬನೇ ಯಜಮಾನ ಅಂದುಕೊಳ್ಳುವುದೇ ಗೊಂದಲದ ಬೇರು. ಬರೆದವರು ಒಬ್ಬರು, ಟ್ಯೂನ್ ಕಟ್ಟಿದವರು ಒಬ್ಬರು, ಹಾಡಿದವರು ಇನ್ನೊಬ್ಬರು, ಮುದ್ರಣಕ್ಕೆ ದುಡ್ಡು ಹಾಕಿದ ಕಂಪೆನಿ ಮತ್ತೊಂದು. ಫ್ರಾಂಕ್ ಸಿನಾಟ್ರಾ ಹಾಡಿ 1969ರಲ್ಲಿ ಹೊರಬಂದ ‘ಮೈ ವೇ’ ಅಮೆರಿಕದವರಿಗೆ ತಮ್ಮದೇ ಹಾಡು. ಅದರ ಟ್ಯೂನ್ 1967ರ ಫ್ರೆಂಚ್ ಹಾಡಿನದ್ದು. ಪಾಲ್ ಆಂಕಾ ಅದಕ್ಕೆ ಇಂಗ್ಲಿಷ್ ಮಾತು ಬರೆದರು, ಅನುವಾದ ಕೂಡ ಅಲ್ಲ, ಬೇರೆಯೇ ಮಾತು. ಹಾಗಾಗಿ ‘ಯಾರದ್ದು’ ಅಂತ ಕೇಳುವ ಮೊದಲು, ಅದರಲ್ಲಿ ಯಾವ ಭಾಗ ಯಾರದ್ದು ಅಂತ ಕೇಳಿ.

ಕವರ್ ಅನ್ನುವ ಹೆಸರು ಎಲ್ಲಿಂದ ಬಂತು?

ಅಮೆರಿಕದ ರೆಕಾರ್ಡ್ ವ್ಯಾಪಾರದಿಂದ. ಒಂದು ಕಂಪೆನಿಯ ಹಾಡು ಓಡತೊಡಗಿದರೆ ಎದುರು ಕಂಪೆನಿ ತನ್ನ ಗಾಯಕರಿಂದ ಅದೇ ಹಾಡನ್ನು ಹಾಡಿಸಿ ಅಂಗಡಿಗೆ ಬಿಡುತ್ತಿತ್ತು.

ಕನ್ನಡದಲ್ಲಿ ಇದಕ್ಕೊಂದು ಹಳೆಯ ಹೆಸರು ಇಲ್ಲವೇ?

ಉಂಟು, ಒಂದಲ್ಲ ನಾಲ್ಕು. ಮಟ್ಟು, ಧಾಟಿ, ವರ್ಣಮೆಟ್ಟು. ಹಳೆಯ ಕಂಪೆನಿ ನಾಟಕಗಳ ಪದ್ಯದ ಪುಸ್ತಕ ಸಿಕ್ಕಿದರೆ ಬಿಡಿಸಿ ನೋಡಿ. ಹಾಡಿನ ತಲೆಯ ಮೇಲೆ ‘ಧಾಟಿ’ ಅಂತ ಬರೆದು ಆಗ ಜನರ ಬಾಯಲ್ಲಿದ್ದ ಇನ್ನೊಂದು ಹಾಡಿನ ಮೊದಲ ಸಾಲು ಕೊಟ್ಟಿರುತ್ತಾರೆ. ಅದು ಮರಾಠಿಯದ್ದಿರಬಹುದು, ಹಿಂದಿಯದ್ದಿರಬಹುದು. ಕದ್ದದ್ದು ಅಂತ ಯಾರಿಗೂ ಅನಿಸಲಿಲ್ಲ, ಯಾಕೆಂದರೆ ಎಲ್ಲಿಂದ ತಂದದ್ದು ಅಂತ ಅಲ್ಲೇ ಅಚ್ಚು ಹಾಕಿದ್ದಾರೆ. ಇಂದಿನ ವಿಡಿಯೊಗಳ ಅಡಿಯಲ್ಲಿ ಅಷ್ಟು ಪ್ರಾಮಾಣಿಕತೆ ಕಾಣಿಸಿದರೆ ನನಗೆ ತಿಳಿಸಿ.

ನಾಲ್ಕನೆಯ ಹೆಸರು ನಮ್ಮ ಮೊಗ್ರಾಲಿನದ್ದು: ಇಶಲ್. ಕುಂಬಳೆಗೂ ಕಾಸರಗೋಡಿಗೂ ನಡುವೆ ಹೆದ್ದಾರಿಯಲ್ಲೇ ಇರುವ ಆ ಊರನ್ನು ‘ಇಶಲ್ ಗ್ರಾಮ’ ಅಂತಲೇ ಕರೆಯುತ್ತಾರೆ, ಅಷ್ಟು ಮಂದಿ ಮಾಪ್ಪಿಳ ಕವಿಗಳು, ಹಾಡುಗಾರರು ಅಲ್ಲಿ ಆಗಿಹೋಗಿದ್ದಾರೆ. ಮಾಪ್ಪಿಳಪ್ಪಾಟ್ಟಿನಲ್ಲಿ ಇಶಲ್ ಅಂದರೆ ಹಾಡಿನ ಧಾಟಿ. ಕೊಂಬು, ತೊಂಗಲ್ ಹೀಗೆ ಅವಕ್ಕೆ ಹೆಸರುಗಳೂ ಇವೆ; ಕೆಲವು ಇಶಲುಗಳ ಹೆಸರು ಹಿಂದಿನ ಯಾವುದೋ ಪ್ರಸಿದ್ಧ ಹಾಡಿನ ಸಾಲೇ. ಮೋಯಿನ್‌ಕುಟ್ಟಿ ವೈದ್ಯರು 1872ರಲ್ಲಿ ಬರೆದ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಕಾವ್ಯ ಇಂಥ ಇಶಲುಗಳ ಮೇಲೆಯೇ ನಿಂತಿದೆ. ನಮ್ಮ ನಾಟಕದವರ ಧಾಟಿಗೂ ಮೊಗ್ರಾಲಿನ ಇಶಲಿಗೂ ಲಿಪಿ ಬೇರೆ, ಪದ್ಧತಿ ಒಂದೇ.

ಯಕ್ಷಗಾನದವರಿಗಂತೂ ಈ ಪ್ರಶ್ನೆಯೇ ಇಲ್ಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಪದ್ಯದ ಮೇಲೆ ರಾಗ, ತಾಳದ ಹೆಸರು ಮಾತ್ರ ಇರುತ್ತದೆ. ಉಳಿದದ್ದನ್ನು ಭಾಗವತರು ತುಂಬಬೇಕು. ಒಂದೇ ಪದ್ಯವನ್ನು ಇಬ್ಬರು ಭಾಗವತರು ಎರಡು ರೀತಿ ಹೇಳಿದರೆ ಆಟ ನೋಡುವವರು ಯಾವುದು ಚಂದ ಅಂತ ಬೆಳಗಿನವರೆಗೆ ವಾದ ಮಾಡುತ್ತಾರೆ, ಯಾವುದು ಒರಿಜಿನಲ್ ಅಂತ ಅಲ್ಲ. ದಾಸರ ಪದಗಳೂ ಹಾಗೆಯೇ: ಮಾತು ಓಲೆಯಲ್ಲಿ ಉಳಿಯಿತು, ಸ್ವರ ಉಳಿಯಲಿಲ್ಲ. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಈಗ ಯಮುನಾಕಲ್ಯಾಣಿ ಬಿಟ್ಟರೆ ಬೇರೆ ರಾಗದಲ್ಲಿ ಊಹಿಸಲಿಕ್ಕೇ ಆಗುವುದಿಲ್ಲ. ಅದಕ್ಕೆ ಬಾಲಸರಸ್ವತಿ ಅಭಿನಯ ಮಾಡಿದರು, 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ‘ಕಲೋನಿಯಲ್ ಕಸಿನ್ಸ್’ ಆಲ್ಬಮ್ಮಿನಲ್ಲಿ ಗಿಟಾರಿನೊಂದಿಗೆ ಹಾಡಿದರು. ನಮ್ಮಲ್ಲಿ ಒತ್ತೆಕೋಲದ (ದೈವದ ಕೋಲದ) ರಾತ್ರಿಯ ಗಾನಮೇಳದಲ್ಲಿ ಅದನ್ನು ಎದೆ ತುಂಬಿ ಹಾಡುವ ಮಲಯಾಳಿ ಗಾಯಕರನ್ನು ಕಂಡಿದ್ದೇನೆ. ಒಬ್ಬರಿಗೆ ಅದು ಕನ್ನಡ ಅಂತ ಹೇಳಿದಾಗ ‘ಹೌದಾ, ತಮಿಳಲ್ಲವಾ?’ ಅಂದರು. ಸಿಟ್ಟು ಬರಲಿಲ್ಲ, ಯಾಕೋ ಖುಷಿಯೇ ಆಯಿತು.

‘ಜೊತೆಯಲಿ ಜೊತೆ ಜೊತೆಯಲಿ’ ತಮಿಳಿನಿಂದ ತಂದದ್ದಂತೆ, ಹೌದಾ?

ಅಲ್ಲ! ಈ ಪ್ರಶ್ನೆಯ ಮೇಲೆ ನನ್ನ ಅಂಗಡಿಯಲ್ಲಿ ಚಹಾ, ಪರೋಟದ ಪಂಥಗಳೇ ನಡೆದಿವೆ. ಶಂಕರ್‌ನಾಗ್ ಅವರ ‘ಗೀತಾ’ ಚಿತ್ರ ಬಂದದ್ದು 1981ರಲ್ಲಿ. ಸಂಗೀತ ಇಳಯರಾಜ, ಮಾತು ಚಿ. ಉದಯಶಂಕರ್, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಅದೇ ಟ್ಯೂನನ್ನು ಇಳಯರಾಜರು ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಬಳಸಿದ್ದು 1984ರಲ್ಲಿ. ಆಮೇಲೆ 2007ರ ಹಿಂದಿ ಚಿತ್ರ ‘ಚೀನಿ ಕಮ್’ನಲ್ಲಿ ಅದು ‘ಜಾನೆ ದೋ ನಾ’ ಆಗಿ ಬಂತು. ಮೂರು ಭಾಷೆ, ಟ್ಯೂನ್ ಕಟ್ಟಿದವರು ಒಬ್ಬರೇ, ಹುಟ್ಟಿದ್ದು ಕನ್ನಡದಲ್ಲಿ.

ಹಾಗಾದರೆ ಜನರಿಗೆ ಯಾಕೆ ತಮಿಳು ಮೊದಲು ಅನಿಸುತ್ತದೆ? ಇಳಯರಾಜ ತಮಿಳಿನವರು, ಹಾಗಾಗಿ ಹಾಡೂ ತಮಿಳಿನದ್ದಿರಬೇಕು ಅನ್ನುವ ಲೆಕ್ಕ. ಎರಡನೆಯದು ಇನ್ನೂ ಸರಳ: ಕಿವಿಗೆ ಮೊದಲು ಬಿದ್ದದ್ದೇ ಮೂಲ ಅಂತ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ನನಗೂ ಹೀಗೆ ಆಗಿದೆ. ಶಾಲೆಗೆ ಹೋಗುವಾಗ ಪಕ್ಕದ ಮನೆಯ ರೇಡಿಯೊದಲ್ಲಿ ಕೇಳಿದ ಎಷ್ಟೋ ಮಲಯಾಳಂ ಹಾಡುಗಳ ಹಿಂದೆ ಹಿಂದಿ ಟ್ಯೂನ್ ಇತ್ತು ಅಂತ ಗೊತ್ತಾದದ್ದು ಅಂಗಡಿ ಹಾಕಿದ ಮೇಲೆ. ಆದರೂ ಹಿಂದಿಯದ್ದು ಕೇಳಿದಾಗ ‘ಇವರು ನಮ್ಮದನ್ನು ಹಾಡುತ್ತಿದ್ದಾರೆ’ ಅಂತಲೇ ಈಗಲೂ ಅನಿಸುತ್ತದೆ.

ತನ್ನದೇ ಟ್ಯೂನನ್ನು ತಾನೇ ಮತ್ತೆ ಬಳಸಿದರೆ ಅದು ಮೋಸವಲ್ಲವೇ?

ನನ್ನ ಲೆಕ್ಕದಲ್ಲಿ ಅಲ್ಲ. ಸಲೀಲ್ ಚೌಧುರಿ ಈ ವಿಷಯದಲ್ಲಿ ಎಲ್ಲರ ಗುರು. ಬಂಗಾಳಿಯಲ್ಲಿ ಕಟ್ಟಿದ್ದನ್ನು ಹಿಂದಿಗೆ, ಹಿಂದಿಯದ್ದನ್ನು ಮಲಯಾಳಕ್ಕೆ ಒಯ್ಯುತ್ತಿದ್ದರು. 1965ರ ‘ಚೆಮ್ಮೀನ್’ನಿಂದ ಅವರು ಕೇರಳದವರೇ ಆಗಿಹೋದರು, ಬಾಲು ಮಹೇಂದ್ರರ ಮೊದಲ ಚಿತ್ರ, ನಮ್ಮ ಕನ್ನಡದ ‘ಕೋಕಿಲ’ಕ್ಕೂ (1977) ಸಂಗೀತ ಅವರದ್ದೇ. ಅವರ ಟ್ಯೂನ್ ಭಾಷೆ ಬದಲಿಸಿದಾಗ ವಾದ್ಯಗಳೂ ಲಯವೂ ಬದಲಾಗುತ್ತಿದ್ದವು. ಅಡುಗೆಯವರು ಅದೇ ಬೇಳೆಯಲ್ಲಿ ಒಂದು ದಿನ ಸಾರು, ಇನ್ನೊಂದು ದಿನ ಕೊದ್ದೆಲು ಮಾಡಿದ ಹಾಗೆ. ಬರೀ ಮಾತು ಬದಲಿಸಿ, ಹಳೆಯ ಟ್ರ್ಯಾಕನ್ನೇ ಕೊಟ್ಟು ಸಂಬಳ ತೆಗೆದುಕೊಂಡರೆ ಅದು ಬೇರೆ ಮಾತು.

ಬೇರೆ ಭಾಷೆಯ ಟ್ಯೂನಿಗೆ ಬರೆದ ಕನ್ನಡ ಹಾಡನ್ನು ಕೇಳಿಯೇ ಗುರುತಿಸಬಹುದೇ?

ಕೆಲವೊಮ್ಮೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ತಮಿಳು, ಮಲಯಾಳಂನಲ್ಲಿ ವ್ಯಂಜನದಲ್ಲಿ ಮುಗಿಯುವವು ಬಹಳ. ಅವರ ‘ಅವನ್’ ನಮಗೆ ‘ಅವನು’. ಅವರಿಗೆ ಎರಡು ಅಕ್ಷರದಲ್ಲಿ ಮುಗಿದದ್ದು ನಮಗೆ ಮೂರು. ಅಲ್ಲಿ ಗಟ್ಟಿಯಾಗಿ ನಿಲ್ಲುವ ಸಾಲಿನ ತುದಿಗೆ ನಮ್ಮ ‘ಉ’ಕಾರವೋ ‘ಎ’ಕಾರವೋ ಬಾಲದ ಹಾಗೆ ಅಂಟಿಕೊಳ್ಳುತ್ತದೆ. ಗಾಯಕರು ಅದನ್ನೊಂದು ಸಣ್ಣ ಗಮಕದಲ್ಲಿ ನುಂಗುತ್ತಾರೆ. ಸಾಲು ಸಾಲಿಗೆ ಹೀಗೆ ನುಂಗುವುದು ಕೇಳಿಸಿದರೆ, ಇಲ್ಲವೇ ಹ್ರಸ್ವ ಇರಬೇಕಾದ ಕಡೆ ದೀರ್ಘ ಎಳೆದರೆ, ಟ್ಯೂನ್ ಬೇರೆ ಭಾಷೆಗೆ ಹೊಲಿದ ಅಂಗಿ ಅಂತ ಸಂಶಯ ಪಡಬಹುದು. ಒಳ್ಳೆಯ ಕವಿಯ ಕೈಗೆ ಬಿದ್ದರೆ ಇದು ಯಾವುದೂ ಗೊತ್ತಾಗುವುದಿಲ್ಲ.

ಖಾತ್ರಿ ಬೇಕಿದ್ದರೆ ಕಿವಿಯನ್ನು ನಂಬಬೇಡಿ, ಕಾಗದ ನೋಡಿ. ಎಲ್‌ಪಿ ರಟ್ಟಿನ ಮೇಲಿನ ವರ್ಷ, ಚಿತ್ರದ ಸೆನ್ಸಾರ್ ಪತ್ರದ ದಿನಾಂಕ, ಟೈಟಲ್ ಕಾರ್ಡ್. ಯೂಟ್ಯೂಬಿನಲ್ಲಿ ಕಾಣುವ ತಾರೀಕು ಯಾರೋ ಅಪ್‌ಲೋಡ್ ಮಾಡಿದ ದಿನದ್ದು, ಹಾಡು ಹುಟ್ಟಿದ ದಿನದ್ದಲ್ಲ. ಇದನ್ನು ತೋರಿಸಿ ನನ್ನೊಂದಿಗೆ ವಾದಕ್ಕೆ ಬಂದವರ ಲೆಕ್ಕ ಬಿಟ್ಟಿದ್ದೇನೆ.

ನಮ್ಮ ಅಜ್ಜನಿಗೆ ಕನ್ನಡ ಹಾಡಿಗಿಂತ ಹಿಂದಿ ಹಾಡುಗಳೇ ಬಾಯಿಪಾಠ. ಯಾಕೆ?

ರೇಡಿಯೊದ ಮಹಿಮೆ. ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ, 1952ರ ಹೊತ್ತಿಗೆ, ಆಕಾಶವಾಣಿಯಿಂದ ಚಿತ್ರಗೀತೆ ಹೆಚ್ಚುಕಡಿಮೆ ಮಾಯವಾಯಿತು. ಜನ ರೇಡಿಯೊ ಸಿಲೋನಿಗೆ ತಿರುಗಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾದದ್ದೇ ಅವರನ್ನು ವಾಪಸು ಕರೆಯಲಿಕ್ಕೆ. ಅದಕ್ಕೆ ಸ್ವಲ್ಪ ಮೊದಲು, 1956ರ ನವೆಂಬರ್ 1ಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿತ್ತು. ಮಂಗಳೂರು ಆಕಾಶವಾಣಿ ಬಂದದ್ದು 1976ರಲ್ಲಿ. ನಡುವಿನ 20 ವರ್ಷ ಅಜ್ಜ ಏನು ಕೇಳಿರಬೇಕು, ನೀವೇ ಲೆಕ್ಕ ಹಾಕಿ.

ಮನೆಯಲ್ಲಿರುವ ಹಳೆಯ ರಫಿ ಕ್ಯಾಸೆಟ್ಟಿನಲ್ಲಿ ದನಿ ರಫಿಯದ್ದಲ್ಲ ಅನಿಸುತ್ತದೆ. ನನ್ನ ಕಿವಿಯ ದೋಷವೇ?

ಕಿವಿ ಸರಿಯಿದೆ, ಕ್ಯಾಸೆಟ್ಟಿನ ಹಿಂದುಗಡೆ ಸಣ್ಣ ಅಕ್ಷರ ಓದಿ. 1980ರ ದಶಕದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಕಾನೂನಿನ ಒಂದು ಸಂದಿಯನ್ನು ಚೆನ್ನಾಗಿ ಬಳಸಿಕೊಂಡಿತು. ಹಾಡು ಮೊದಲು ಮುದ್ರಣವಾದ ವರ್ಷ ಮುಗಿದು ಎರಡು ವರ್ಷ ಕಳೆದರೆ, ನೋಟಿಸು ಕೊಟ್ಟು ರಾಯಲ್ಟಿ ಕಟ್ಟಿ ಯಾರು ಬೇಕಾದರೂ ಅದನ್ನು ಬೇರೆ ದನಿಯಲ್ಲಿ ಮುದ್ರಿಸಬಹುದಿತ್ತು. ಹಳೆಯ ಮುದ್ರಣಗಳೆಲ್ಲ ಎಚ್‌ಎಂವಿ ಕಂಪೆನಿಯ ಕೈಯಲ್ಲಿ. ಅವರ ಕ್ಯಾಸೆಟ್ ದುಬಾರಿ. ಹೊಸ ಹುಡುಗರಿಂದ ಹಾಡಿಸಿದ ಕ್ಯಾಸೆಟ್ ಅಗ್ಗ. ಗಿರಾಕಿಗೆ ಯಾವುದು ಬೇಕು ಅಂತ ಕೇಳಿದರೆ ‘ಕಡಿಮೆ ಕ್ರಯದ್ದು’ ಅನ್ನುತ್ತಿದ್ದರು. ಮನೆಗೆ ಹೋಗಿ ಹಾಕಿ ನೋಡಿ, ಮರುದಿನ ನನಗೆ ಬೈಗುಳ.

ಹಾಗಂತ ಅದನ್ನು ತಾತ್ಸಾರ ಮಾಡಬೇಡಿ. ರಫಿಯ ಹಾಡುಗಳನ್ನು ಹೀಗೆ ಹಾಡಿ ಪಳಗಿದ ಹುಡುಗರಲ್ಲಿ ಒಬ್ಬರು ಸೋನು ನಿಗಮ್. ಅವರೇ 2006ರಲ್ಲಿ ‘ಮುಂಗಾರು ಮಳೆ’ಯಲ್ಲಿ ‘ಅನಿಸುತಿದೆ ಯಾಕೋ ಇಂದು’ ಹಾಡಿದರು. ಆ ಹಾಡನ್ನು ಈಗ ಎಷ್ಟು ಹುಡುಗರು ಕವರ್ ಮಾಡುತ್ತಾರೋ ದೇವರಿಗೇ ಗೊತ್ತು.

‘ಮಾಣಿಕ್ಯ ಮಲರಾಯ ಪೂವಿ’ ಸಿನಿಮಾ ಹಾಡೋ, ಮಾಪ್ಪಿಳಪ್ಪಾಟ್ಟೋ?

ಮಾಪ್ಪಿಳಪ್ಪಾಟ್ಟು. ಪಿ.ಎಂ.ಎ. ಜಬ್ಬಾರ್ 1978ರಲ್ಲಿ ಬರೆದದ್ದು, ತಲಶ್ಶೇರಿ ಕೆ. ರಫೀಕ್ ಟ್ಯೂನ್ ಹಾಕಿ ಹಾಡಿದ್ದು. ನಮ್ಮ ಉಪ್ಪಳ, ಮೊಗ್ರಾಲಿನ ಮದುವೆ ಮನೆಗಳಿಗೆ ಅದು ಹಳೆಯ ನೆಂಟ. 2018ರಲ್ಲಿ ಶಾನ್ ರಹ್ಮಾನ್ ಹೊಸ ವಾದ್ಯ ಕೂಡಿಸಿ, ವಿನೀತ್ ಶ್ರೀನಿವಾಸನ್ ಹಾಡಿ, ಒಂದು ಕಣ್ಣು ಮಿಟುಕಿಸುವ ದೃಶ್ಯದೊಂದಿಗೆ ‘ಒರು ಅಡಾರ್ ಲವ್’ ಚಿತ್ರಕ್ಕಾಗಿ ಬಂದಾಗ ದೇಶಕ್ಕೆ ದೇಶವೇ ಕೇಳಿತು. ಧಾರ್ಮಿಕ ಭಾವನೆಗೆ ನೋವಾಯಿತು ಅಂತ ಕೇಸೂ ಬಿತ್ತು, ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 40 ವರ್ಷ ಯಾರಿಗೂ ನೋವಾಗದ ಹಾಡಿನಿಂದ ಒಂದು ಕಣ್ಣಿನಿಂದಾಗಿ ನೋವಾಯಿತಂತೆ.

‘ವರಾಹ ರೂಪಂ’ ವಿಷಯ ಏನಾಯಿತು? ರಾಗ ಒಂದೇ ಆದರೆ ಕದ್ದ ಹಾಗೆಯೇ?

ರಾಗ ಯಾರಪ್ಪನ ಆಸ್ತಿಯೂ ಅಲ್ಲ. ಮೋಹನದಲ್ಲಿ ನೀವೂ ಹಾಡಬಹುದು, ನಾನೂ ಹಾಡಬಹುದು. ಆ ರಾಗದಲ್ಲಿ ಒಬ್ಬರು ಕಟ್ಟಿದ ನಿರ್ದಿಷ್ಟ ಸಂಚಾರ, ಅದಕ್ಕೆ ಕೂಡಿಸಿದ ವಾದ್ಯಗಳ ಓಟ, ಅದು ಅವರದ್ದು. ‘ಕಾಂತಾರ’ 2022ರಲ್ಲಿ ಬಂದಾಗ ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್ ತಮ್ಮ ‘ನವರಸಂ’ ಹಾಡಿಗೆ ಇದು ಹೋಲುತ್ತದೆ ಅಂತ ಕೋಝಿಕ್ಕೋಡ್, ಪಾಲಕ್ಕಾಡ್ ಕೋರ್ಟುಗಳಿಗೆ ಹೋಯಿತು. ಮಧ್ಯಂತರ ತಡೆ ಸಿಕ್ಕಿತು. ಒಟಿಟಿಯಲ್ಲಿ ಚಿತ್ರ ಮೊದಲು ಬೇರೆ ಟ್ಯೂನಿನಲ್ಲಿ ಬಂತು, ತಡೆ ತೆರವಾದ ಮೇಲೆ ಹಳೆಯದು ಮರಳಿತು. ಚಿತ್ರತಂಡ ಹೋಲಿಕೆಯ ಆರೋಪವನ್ನು ಒಪ್ಪಲಿಲ್ಲ.

ಆ ತಿಂಗಳು ನಮ್ಮ ಊರಿನಲ್ಲಿ ಕನ್ನಡದವರು ಒಂದು ಕಡೆ, ಮಲಯಾಳದವರು ಇನ್ನೊಂದು ಕಡೆ. ಹಾಡನ್ನು ಎರಡು ಸಲ ಗಮನವಿಟ್ಟು ಕೇಳಿದವರು ಎರಡೂ ಕಡೆ ಕಡಿಮೆ.

ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕು? ಪ್ರತಿ ಸಭೆಯಲ್ಲೂ ಜಗಳ.

ಕುವೆಂಪು ಅವರ ಕವಿತೆಗೆ 2004ರಲ್ಲಿ ನಾಡಗೀತೆಯ ಸ್ಥಾನ ಸಿಕ್ಕಿದಾಗ ಧಾಟಿ ನಿಗದಿ ಆಗಿರಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು, ಸಿ. ಅಶ್ವಥ್ ಅವರದ್ದು ಇನ್ನೊಂದು, ಇಬ್ಬರಿಗೂ ಅಭಿಮಾನಿಗಳು. ಕರ್ನಾಟಕ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್ ಅಂತ ಆದೇಶ ಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ತಳ್ಳಿಹಾಕಿತು. ಗಡಿಯ ಈಚೆ ನಮಗೆ ಆ ಆದೇಶ ತಟ್ಟುವುದಿಲ್ಲ ಅಂತ ಕೆಲವರ ವಾದ. ತಟ್ಟದಿದ್ದರೂ ಎಲ್ಲರೂ ಒಂದೇ ಧಾಟಿ ಹಿಡಿದರೆ ಚಂದ. ಅರ್ಧ ಸಭೆ ಒಂದರಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಹೋಗುವುದನ್ನು ನಾನು ಕೇಳಿದ್ದೇನೆ, ಇನ್ನೊಮ್ಮೆ ಬೇಡ.

ಗಾನಮೇಳದಲ್ಲಿ, ಮದುವೆಯಲ್ಲಿ ಸಿನಿಮಾ ಹಾಡು ಹಾಡಲು ಅನುಮತಿ ಬೇಕಾ?

ನಾನು ವಕೀಲನಲ್ಲ, ಓದಿ ತಿಳಿದದ್ದು ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕೆಲವು ವಿನಾಯಿತಿ ಕೊಟ್ಟಿದೆ. ಧಾರ್ಮಿಕ ಸಮಾರಂಭ, ಮದುವೆ ಮತ್ತು ಮದುವೆ ದಿಬ್ಬಣಕ್ಕೆ ಸಂಬಂಧಿಸಿದ ಸಂಭ್ರಮ ಅದರೊಳಗೆ ಬರುತ್ತದೆ. ಹವ್ಯಾಸಿ ತಂಡ ಟಿಕೇಟಿಲ್ಲದೆ ಹಾಡಿದರೂ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೂ ಉಲ್ಲಂಘನೆಯಲ್ಲ. ಟಿಕೇಟ್ ಇಟ್ಟು, ಹಣ ಪಡೆದು ಮಾಡುವ ರಸಮಂಜರಿಗೆ ಲೈಸೆನ್ಸ್ ಬೇಕು. 2017ರಲ್ಲಿ ಇಳಯರಾಜರು ಎಸ್‌ಪಿಬಿಯವರಿಗೇ ನೋಟಿಸು ಕೊಟ್ಟದ್ದು ನೆನಪಿದೆಯಲ್ಲ? ತಾನೇ ಹಾಡಿದ ಹಾಡನ್ನು ವೇದಿಕೆಯಲ್ಲಿ ಹಾಡಲಿಕ್ಕೂ ಕೇಳಬೇಕಾ ಅಂತ ಜನ ದಂಗಾದರು. ಹಾಡಿದವರು ಬೇರೆ, ಕಟ್ಟಿದವರು ಬೇರೆ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಕವರ್ ಮುದ್ರಿಸಿ ಹೊರತರಬೇಕಿದ್ದರೆ?

2012ರ ತಿದ್ದುಪಡಿಯ ನಂತರ 31ಸಿ ಸೆಕ್ಷನ್ ನೋಡಬೇಕು. ಮೊದಲಿನ ಎರಡು ವರ್ಷದ ಕಾಯುವಿಕೆ ಈಗ ಐದು ವರ್ಷ. ಮೊದಲೇ ನೋಟಿಸು ಕೊಡಬೇಕು, ರಾಯಲ್ಟಿ ಮುಂಗಡ ಕಟ್ಟಬೇಕು, ಅದೂ ಕಡಿಮೆಯೆಂದರೆ ವರ್ಷಕ್ಕೆ 50,000 ಪ್ರತಿಗಳ ಲೆಕ್ಕದಲ್ಲಿ. ಮೂಲ ಗಾಯಕರ ಹೆಸರು, ಚಿತ್ರದ ಹೆಸರು ಹೊದಿಕೆಯ ಮೇಲೆ ಹಾಕಕೂಡದು. ಕವರ್ ಅಂತ ಸ್ಪಷ್ಟವಾಗಿ ಬರೆಯಬೇಕು. ಮಾತು, ಟ್ಯೂನ್ ಮನಬಂದಂತೆ ತಿರುಚುವ ಹಾಗಿಲ್ಲ. ನಮ್ಮ ನೀರ್ಚಾಲಿನ ಹುಡುಗರಿಗೆ ಇದು ಆಗುವ ಹೋಗುವ ಮಾತಲ್ಲ. ಮತ್ತೆ, ಈ ಸೆಕ್ಷನ್ ಹೇಳುವುದು ಧ್ವನಿಮುದ್ರಣದ ಬಗ್ಗೆ ಮಾತ್ರ. ವಿಡಿಯೊ ಸೇರಿಸಿದರೆ ಮಾಲಕರನ್ನೇ ಕೇಳಬೇಕು.

ನನ್ನ ಅಳಿಯ ಒಂದು ಹಳೆಯ ಹಾಡು ಹಾಡಿ ಯೂಟ್ಯೂಬಿಗೆ ಹಾಕಿದ. ಎರಡೇ ದಿನದಲ್ಲಿ ಒಂದು ಕಂಪೆನಿಯ ಕ್ಲೈಮ್ ಬಂತು, ಜಾಹೀರಾತಿನ ದುಡ್ಡು ಅವರಿಗೆ. ತಮಾಷೆಯೆಂದರೆ ಆ ಕಂಪೆನಿ ಹಾಡಿನದ್ದಲ್ಲ, ಅವನು ಎಲ್ಲಿಂದಲೋ ಇಳಿಸಿಕೊಂಡ ಕರೋಕೆ ಟ್ರ್ಯಾಕಿನದ್ದು! ಹಾರ್ಮೋನಿಯಂ ಹಿಡಿದು ಹಾಡಿದ್ದರೆ ಆ ಒಂದು ಕಾಟವಾದರೂ ತಪ್ಪುತ್ತಿತ್ತು.

ಅನುಮತಿಯ ಗೋಜಿಲ್ಲದೆ ಟ್ಯೂನ್ ಹಾಕಬಹುದಾದ ಕನ್ನಡ ಕವಿತೆ ಇದೆಯೇ?

ನಮ್ಮ ಜಿಲ್ಲೆಯಲ್ಲೇ ಇದೆ. ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರವು. ‘ತಾಯೆ ಬಾರ ಮೊಗವ ತೋರ’ಕ್ಕೆ ನಿಮ್ಮ ಧಾಟಿ ಹಾಕಿ, ಯಾರೂ ಕೇಳುವುದಿಲ್ಲ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು 100 ತುಂಬಿ 2015ರಲ್ಲಿ ಹೋದರು. ಅವರ ‘ಬೆಂಕಿ ಬಿದ್ದಿದೆ ಮನೆಗೆ’ಯನ್ನು ಮುದ್ರಿಸಬೇಕಿದ್ದರೆ 2075 ಮುಗಿಯುವವರೆಗೆ ಮನೆಯವರನ್ನು ಕೇಳಿಯೇ ಮಾಡಿ.

ಕವರ್ ಮೂಲಕ್ಕಿಂತ ದೊಡ್ಡದಾದದ್ದು ಉಂಟಾ?

ಬೇಕಾದಷ್ಟು. ಡಾಲಿ ಪಾರ್ಟನ್ 1974ರಲ್ಲಿ ಹೊರತಂದ ‘ಐ ವಿಲ್ ಆಲ್ವೇಸ್ ಲವ್ ಯೂ’ ಅನ್ನು ವಿಟ್ನಿ ಹ್ಯೂಸ್ಟನ್ 1992ರಲ್ಲಿ ಹಾಡಿದಾಗ ಜಗತ್ತು ಅದನ್ನು ವಿಟ್ನಿಯದ್ದೇ ಅಂದುಕೊಂಡಿತು. ಆದರೆ ಬರೆದ ಹಕ್ಕು ಡಾಲಿ ಬಿಟ್ಟುಕೊಟ್ಟಿರಲಿಲ್ಲ, ರಾಯಲ್ಟಿ ಅವರಿಗೇ ಬಂತು.

ಇದರ ಇನ್ನೊಂದು ಮುಖ ಸೊಲೊಮನ್ ಲಿಂಡಾ. ದಕ್ಷಿಣ ಆಫ್ರಿಕಾದ ಈ ಮನುಷ್ಯ 1939ರಲ್ಲಿ ‘ಎಂಬೂಬೆ’ ಅಂತ ಒಂದು ಹಾಡು ಮುದ್ರಿಸಿದ. ಅದು ಅಮೆರಿಕಕ್ಕೆ ಹೋಗಿ, ಹೆಸರು ಬದಲಿಸಿ, 1961ರಲ್ಲಿ ‘ದ ಲಯನ್ ಸ್ಲೀಪ್ಸ್ ಟುನೈಟ್’ ಆಗಿ ಮನೆಮನೆ ಸೇರಿತು. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. ಹೆಣ್ಣುಮಕ್ಕಳಿಗೆ ನ್ಯಾಯ ಅಂತ ಏನಾದರೂ ಸಿಕ್ಕಿದ್ದು 2006ರ ಒಪ್ಪಂದದಲ್ಲಿ. ಧಾಟಿಯ ಹೆಸರು ತಲೆಯ ಮೇಲೆ ಬರೆಯುತ್ತಿದ್ದ ನಮ್ಮ ನಾಟಕದ ಪುಸ್ತಕದವರು ನನಗೆ ಆಗಾಗ ನೆನಪಾಗುವುದು ಈ ಕಾರಣಕ್ಕೆ.

ನಿಮ್ಮ ಅಂಗಡಿಯ ಹಳೆಯ ಕ್ಯಾಸೆಟ್ಟುಗಳು ಇವೆಯಾ? ಕೊಡುತ್ತೀರಾ?

ಇವೆ, ಅಟ್ಟದಲ್ಲಿ ಮೂರು ಪೆಟ್ಟಿಗೆ. ಕೊಡುವುದಿಲ್ಲ. ಬಂದು ಕೂತು ಕೇಳಬಹುದು. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಬರಬೇಡಿ, ಹೊರಗೆ ತೆಗೆದರೆ ಟೇಪಿಗೆ ಬೂಸಲು ಹಿಡಿಯುತ್ತದೆ. ಮತ್ತು ಬರುವಾಗ ಪ್ಲೇಯರಿನ ಒಂದು ರಬ್ಬರ್ ಬೆಲ್ಟ್ ಸಿಕ್ಕಿದರೆ ತನ್ನಿ, ನನ್ನದು ಸಡಿಲಾಗಿ ಜಾನಕಿಯಮ್ಮನ ದನಿ ಗಂಡಸಿನ ದನಿಯಾಗಿ ಕೇಳುತ್ತಿದೆ.